ಮೂರು ಗಂಟೆ ಹದಿನೈದು ನಿಮಿಷ

ಹತ್ತಿ ತುಂಬಿದ ಲಾರಿಯ ಹಿಂದೆ ಸ್ಕೂಟರ್ ಓಡಿಸಬೇಡಿ ಎಂದು ನನ್ನ ಹೆಂಡತಿ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಅಮರಗೋಳದ ಮಾರುಕಟ್ಟೆಗೆ ಹೋಗುವ ಆ ಲಾರಿಗಳು ಎರಡೂ ಕಡೆ ಹೊಟ್ಟೆ ಬಿಟ್ಟುಕೊಂಡು ಇಡೀ ರಸ್ತೆಯನ್ನು ತಮ್ಮ ಮನೆಯ ಅಂಗಳ ಮಾಡಿಕೊಂಡಿರುತ್ತವೆ. ಮುಂದೆ ಏನಿದೆ ಎಂಬುದು ಕಾಣುವುದಿಲ್ಲ. ಆದರೂ ಹೋದ ತಿಂಗಳು ಧಾರವಾಡದ ಕಚೇರಿಯಿಂದ ನವನಗರದ ಮನೆಗೆ ಮರಳುವಾಗ ನಾನು ಅಂಥ ಒಂದು ಲಾರಿಯ ಬೆನ್ನಿಗೆ ಅಂಟಿಕೊಂಡೆ. ಲಾರಿಯ ಹಿಂದಿನ ನಾಲ್ಕು ಅಡಿಯಲ್ಲಿ ಗಾಳಿಯೇ ಇರುವುದಿಲ್ಲ. ಅಲ್ಲಿರುವುದು ಹಸಿ ಹತ್ತಿಯ ವಾಸನೆ, ಹತ್ತಿಕಾಳಿನ ಎಣ್ಣೆಯ ವಾಸನೆ, ಬಿಸಿಯಾದ ಟೈರಿನ ವಾಸನೆ. ಒಂದು ಎಳೆ ಹಾರಿ ಬಂದು ತುಟಿಗೆ ಅಂಟಿತು. ರಾಯಾಪುರದ ಹತ್ತಿರ ಸ್ಕೂಟರ್ ಪಕ್ಕಕ್ಕೆ ಹಾಕಿ, ತುಟಿ ಒರೆಸಿಕೊಳ್ಳುವುದನ್ನೂ ಮರೆತು ನಿಂತುಬಿಟ್ಟೆ.

ಏಳು ವರ್ಷದ ಹಿಂದೆ ಇಂಥ ಲಾರಿಗಳ ಹಿಂದೆ ದಾವಲ ಸೈಕಲ್ ಹೊಡೆಯುತ್ತಿದ್ದ.

ದಾವಲ ಹಳೇ ಹುಬ್ಬಳ್ಳಿಯವನು. ಅವರದು ಹತ್ತಿ ಹಿಂಜಿ ಗಾದಿ ಹೊಲಿಯುವ ನದಾಫರ ಮನೆತನ. ನಾನು ನವಲೂರಿನ ಒಕ್ಕಲು ಮನೆಯವನು. ನಮ್ಮ ಮೂರನೆಯವನು ಧಾರವಾಡದ ಬಸು. ನಮ್ಮ ಮೂವರನ್ನು ಸೇರಿಸಿ ಸೈಕಲ್ ತಂಡ ಕಟ್ಟಿದವರು ಕಟ್ಟಿ ಸರ್, ನಿವೃತ್ತರಾದ ವ್ಯಾಯಾಮ ಮಾಸ್ತರರು. ಮೂವರು ಹುಡುಗರು, ಒಂದು ಹಳೆಯ ಓಮ್ನಿ ಕಾರು, ಅದರ ನೆತ್ತಿಗೆ ಕಟ್ಟಿದ ಎರಡು ಬಿಡಿ ಗಾಲಿ, ಇಷ್ಟಕ್ಕೇ ಸರ್ ‘ನಮ್ಮ ಸಂಸ್ಥೆ’ ಎನ್ನುತ್ತಿದ್ದರು.

ದಾವಲ ಸ್ಪ್ರಿಂಟರ್. ನೂರು ಕಿಲೋಮೀಟರ್ ಗುಂಪಿನೊಳಗೆ ಅಡಗಿ ಬಂದು ಕೊನೆಯ ಇನ್ನೂರು ಮೀಟರಿನಲ್ಲಿ ಸಿಡಿಯುವವನು. ಅವನ ತೊಡೆ ನೋಡಿ ಬಸು, “ನಿಮ್ಮಪ್ಪ ಉಳದ ಹತ್ತೀನೆಲ್ಲಾ ಇದರಾಗ ತುಂಬ್ಯಾನೇನಲೇ” ಎಂದು ಕಾಡುತ್ತಿದ್ದ. ಆ ತೊಡೆ ಬಯಲಿನಲ್ಲಿ ವರ, ಏರಿನಲ್ಲಿ ಶಾಪ. ನಾನೋ, ಮದುವೆಯ ಊಟ ಉಂಡರೂ ಐವತ್ತೈದು ಕಿಲೋ ದಾಟದ ಕಡ್ಡಿ. ಏರು ಬಂತೆಂದರೆ ನನಗೆ ಹಬ್ಬ, ಬಯಲು ಬಂತೆಂದರೆ ಗಾಳಿಗೇ ಹೆದರುವವನು. ನಮ್ಮಿಬ್ಬರನ್ನು ಒಟ್ಟಿಗೆ ತಯಾರು ಮಾಡುವುದು ಕಟ್ಟಿ ಸರ್‌ಗೆ ತಲೆನೋವು.

“ಎತ್ತು ಏರಿಗೆಳೀತು, ಕೋಣ ನೀರಿಗೆಳೀತು,” ಎನ್ನುತ್ತಿದ್ದರು. “ನಡುವ ಈ ಮುದುಕನ ನೊಗಾ ಮುರೀಲಿಕತ್ತದ ನೋಡ್ರಪಾ.”

ಆ ವರ್ಷದ ಶ್ರಾವಣದಲ್ಲಿ ಧಾರವಾಡದ ಜಿಟಿಜಿಟಿ ಮಳೆ ಬಿಡುವುದನ್ನೇ ಮರೆತಿತ್ತು. ಎಳ್ಳಮವಾಸ್ಯೆಯ ಹೊತ್ತಿಗೆ ಐದು ದಿನದ ದೊಡ್ಡ ಪಂದ್ಯವೊಂದಿದೆ ಎಂಬ ಸುದ್ದಿಯನ್ನು ಸರ್ ತಂದದ್ದು ಆಗಲೇ. ಮೊದಲ ಎರಡು ದಿನ ಬಯಲು, ಮೂರನೆಯ ದಿನ ಕಾರವಾರದವರೆಗೆ ಇಳಿಜಾರು, ನಾಲ್ಕನೆಯ ದಿನ ಅಣಶಿ ಘಟ್ಟ ಹತ್ತಿ ಜೋಯಿಡಾ, ಐದನೆಯ ದಿನ ಹುಬ್ಬಳ್ಳಿಯಲ್ಲಿ ಮುಕ್ತಾಯ. ಹುಬ್ಬಳ್ಳಿಯ ಮುಕ್ತಾಯ ನೇರ, ಅಗಲ, ಸಪಾಟು ರಸ್ತೆಯಲ್ಲಿ. ದಾವಲನಿಗೆಂದೇ ಹೊಲಿಸಿದ ಅಂಗಿಯ ಹಾಗೆ.

ಸರ್ ಹೇಳಿದ ಇನ್ನೊಂದು ಸುದ್ದಿ ಅದಕ್ಕಿಂತ ದೊಡ್ಡದು. ಕ್ರೀಡಾಪಟುಗಳಿಗೆ ಮೀಸಲಾದ ಒಂದು ಸರ್ಕಾರಿ ಹುದ್ದೆ ಆ ವರ್ಷ ಸೈಕಲ್‌ನವರಿಗೆ ಬಂದಿತ್ತು. ಇಂಥ ಪಂದ್ಯದಲ್ಲಿ ಒಂದು ದಿನವಾದರೂ ಮೊದಲು ಮುಟ್ಟಿದ ಪ್ರಮಾಣಪತ್ರ ಬೇಕು. ದಾವಲನ ವಯಸ್ಸಿಗೆ ಅದೇ ಕೊನೆಯ ವರ್ಷ. ನನಗೂ ಬಸುವಿಗೂ ಇನ್ನೂ ಮೂರು ನಾಲ್ಕು ವರ್ಷ ಬಾಕಿ ಇತ್ತು. ಉಣಕಲ್ ಕೆರೆಯ ದಂಡೆಯ ಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಸರ್ ನಮ್ಮನ್ನು ಕೇಳಿದರು. “ಈ ವರ್ಷ ದಾವಲಂದು. ನೀವಿಬ್ರೂ ಅವನ್ನ ಹುಬ್ಬಳ್ಳಿ ಮುಟ್ಟಸ್ಬೇಕು. ಒಪ್ಪಿಗಿ ಅದ ಏನು?” ನಾವು ಒಪ್ಪಿದೆವು. ನಾನು ಬಾಯಿ ತುಂಬ ಮಿರ್ಚಿ ಇಟ್ಟುಕೊಂಡೇ ಹೂಂ ಎಂದೆ.

ದಾವಲನಿಗೆ ನೌಕರಿ ಯಾಕೆ ಬೇಕಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಅವರ ಓಣಿಗೆ ಹೋದರೆ ಮನೆಗಿಂತ ಮೊದಲು ಅವನ ಅಪ್ಪನ ಕೆಮ್ಮು ಎದುರಾಗುತ್ತಿತ್ತು. ನಲವತ್ತು ವರ್ಷ ಹಿಂಜಿದ ಹತ್ತಿಯ ಧೂಳು ಎದೆಯಲ್ಲಿ ಕೂತಿತ್ತು. ಡಾಕ್ಟರು ಕೆಲಸ ಬಿಡಲೇಬೇಕು ಎಂದಿದ್ದರು. ಕಾಕಾ ನಕ್ಕು ಮತ್ತೆ ಮೂಗಿಗೆ ಪಂಚೆ ಕಟ್ಟಿಕೊಂಡು ಕೂಡುತ್ತಿದ್ದರು. “ಇಂವಗೊಂದು ನೌಕ್ರಿ ಹತ್ತಲಿ ಮಲ್ಲಪ್ಪಾ, ಮರದಿನಾನ ಬಿಡ್ತೇನಿ. ಅಲ್ಲೀಮಟಾ ಈ ಎದಿ ತಡೀತೈತಿ,” ಎಂದು ನನ್ನ ಕೈಗೆ ಚಹಾ ಕೊಡುತ್ತಿದ್ದರು. ಆ ಚಹಾದಲ್ಲೂ ಒಂದೊಂದು ಎಳೆ ಹತ್ತಿ ತೇಲುತ್ತಿತ್ತು.

ಮಳೆಯಲ್ಲೇ ತಯಾರಿ ನಡೆಯಿತು. ನಮ್ಮೂರಿನಲ್ಲಿ ಘಟ್ಟ ಎಲ್ಲಿಂದ ಬರಬೇಕು? ಇದ್ದದ್ದೊಂದು ನೃಪತುಂಗ ಬೆಟ್ಟ. ಅದನ್ನೇ ದಾವಲ ಬೆಳಿಗ್ಗೆ ಹನ್ನೆರಡು ಸಲ ಹತ್ತಿ ಹನ್ನೆರಡು ಸಲ ಇಳಿದ. ವಾಯುವಿಹಾರಕ್ಕೆ ಬಂದ ಹಿರಿಯರೊಬ್ಬರು, “ಏನ ಕಳಕೊಂಡೀಯೋ ತಮ್ಮಾ, ನಾವೂ ಹುಡುಕ್ತೇವಿ,” ಎಂದಿದ್ದರು. ದಸರೆ ಮುಗಿದು ಹತ್ತಿ ಬರತೊಡಗಿದ ಮೇಲೆ ಲಾರಿಗಳ ಹಿಂದೆ ವೇಗದ ಅಭ್ಯಾಸ. ಮೀಸೆ, ಹುಬ್ಬು, ಬೆವರಿದ ತೋಳಿಗೆಲ್ಲ ಹತ್ತಿ ಅಂಟಿಸಿಕೊಂಡು ಅವನು ಬರುವಾಗ ನಾವು ನಕ್ಕು ಸಾಕಾಗುತ್ತಿದ್ದೆವು. ಆ ನಾಲ್ಕು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೂ ಖರೆ.

ಇಲ್ಲಿ ಒಂದು ನಿಯಮ ಹೇಳಬೇಕು. ಬೆಟ್ಟದ ದಿನ ಗೆದ್ದವನು ತೆಗೆದುಕೊಂಡ ಸಮಯಕ್ಕೆ ಅದರ ನೂರಕ್ಕೆ ಹದಿನೈದು ಭಾಗ ಸೇರಿಸಿದರೆ ಅದು ಆ ದಿನದ ಗಡುವು. ಗಡುವಿನೊಳಗೆ ಮುಟ್ಟದವನು ಪಂದ್ಯದಿಂದಲೇ ಹೊರಗೆ. ಮರುದಿನ ಸೈಕಲ್ ಹತ್ತುವಂತಿಲ್ಲ. ಸ್ಪ್ರಿಂಟರ್‌ಗಳಿಗೆ ಬೆಟ್ಟದ ದಿನ ಗೆಲ್ಲುವ ಆಸೆ ಇರುವುದಿಲ್ಲ, ಗಡುವಿನೊಳಗೆ ಜೀವ ಹಿಡಿದು ಬಂದರೆ ಸಾಕು. ಹಾಗೆಂದು ಬಹಳ ಬೇಗ ಬರುವುದೂ ದಡ್ಡತನ. ಕಾಲಿನ ಕಸುವೆಲ್ಲ ಏರಿಗೇ ಸುರಿದರೆ ಮರುದಿನದ ಬಯಲಿಗೆ ಏನು ಉಳಿಯುತ್ತದೆ? ಆದ್ದರಿಂದ ಎಲ್ಲ ತಂಡಗಳ ಸ್ಪ್ರಿಂಟರ್‌ಗಳೂ ಆ ದಿನ ವೈರ ಮರೆತು ಹಿಂದೆ ಒಂದು ಗುಂಪಾಗುತ್ತಾರೆ, ಒಬ್ಬರಿಗೊಬ್ಬರು ನೀರು ಕೊಟ್ಟು, ಬೆನ್ನು ಕೊಟ್ಟು, ಗಡುವಿಗೆ ಸರಿಯಾಗಿ ಬಂದು ಮುಟ್ಟುತ್ತಾರೆ. ನಾವು ಅದನ್ನು ದಿಂಡಿ ಎನ್ನುತ್ತಿದ್ದೆವು. ಪಂಢರಪುರಕ್ಕೆ ಹೋಗುವವರ ಹಾಗೆ ಮುಟ್ಟುವುದೊಂದೇ ಅವರ ಪುಣ್ಯ.

ಗಡುವು ಎಷ್ಟಾಗಬಹುದೆಂದು ಮೊದಲೇ ಅಂದಾಜು ಮಾಡುವ ಕೆಲಸ ನನ್ನದು. ಲೆಕ್ಕದಲ್ಲಿ ನಾನು ಸಾಲೆಯಿಂದಲೂ ಚುರುಕು. ಹಾದಿಯ ಏರು, ಗಾಳಿ, ಮುಂದಿನವರ ಕಸುವು ನೋಡಿ, ಗೆಲ್ಲುವವನು ಇಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ, ಆದ್ದರಿಂದ ನೀನು ಇಷ್ಟರೊಳಗೆ ಬಾ ಎಂದು ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ಪಟ್ಟಿಯ ಮೇಲೆ ಬರೆದು ದಾವಲನ ಹ್ಯಾಂಡಲ್‌ಗೆ ಅಂಟಿಸುತ್ತಿದ್ದೆ. ಸಣ್ಣ ಪಂದ್ಯಗಳಲ್ಲಿ ಎರಡು ವರ್ಷ ನನ್ನ ಪಟ್ಟಿ ಒಮ್ಮೆಯೂ ತಪ್ಪಿರಲಿಲ್ಲ. ಬೇರೆ ತಂಡದವರೂ ದಿಂಡಿಯಲ್ಲಿ ದಾವಲನ ಪಕ್ಕ ಬಂದು, “ಮಲ್ಲು ಎಷ್ಟು ಬರದಾನ?” ಎಂದು ಕೇಳುತ್ತಿದ್ದರು.

ಪಂದ್ಯ ಬಂತು. ಮೊದಲ ದಿನ ದಾವಲ ಎರಡನೆಯವನಾದ, ಗಾಲಿಯ ಅಗಲದಷ್ಟು ಅಂತರದಲ್ಲಿ. ಗೆದ್ದವನು ವಿಜಯಪುರದ ಹುಡುಗ. ಅವನಿಗೆ ಆಗಲೇ ನೌಕರಿಯಿತ್ತು. “ಹುಬ್ಬಳ್ಳಿಯೊಳಗ ನಿನಗ ಬಿಡಂಗಿಲ್ಲ,” ಎಂದು ದಾವಲ ಅವನ ಹೆಗಲ ಮೇಲೆ ಕೈ ಹಾಕಿ ಹೇಳಿದ. ಎರಡನೆಯ ದಿನ, ಮೂರನೆಯ ದಿನ ಸುಮ್ಮನೆ ಕಾಲು ಉಳಿಸಿಕೊಂಡ.

ಘಟ್ಟದ ಹಿಂದಿನ ಸಂಜೆ ಕಾರವಾರದ ಛತ್ರದಲ್ಲಿ ನಾನು ಲೆಕ್ಕ ಹಾಕಿದೆ. ಗೆಲ್ಲುವವನಿಗೆ ಎರಡು ಗಂಟೆ ಐವತ್ತು ನಿಮಿಷ, ಅಂದರೆ ನೂರಾ ಎಪ್ಪತ್ತು ನಿಮಿಷ. ಅದರ ನೂರಕ್ಕೆ ಹದಿನೈದು, ಇಪ್ಪತ್ತೈದೂವರೆ. ಅರ್ಧ ನಿಮಿಷ ಕೈಬಿಟ್ಟು, ಪ್ಲಾಸ್ಟರಿನ ಮೇಲೆ ಮೂರು ಗಂಟೆ ಹದಿನೈದು ನಿಮಿಷ ಎಂದು ಬರೆದೆ.

“ಪಕ್ಕಾ?” ಎಂದ ದಾವಲ.

“ಪಕ್ಕಾ. ಹದಿನಾಕಕ್ಕ ಬಾ. ಅದಕ್ಕೂ ಲಗೂ ಬಂದ್ರ ನಾಡದ ಕಾಲು ಬರೂದಿಲ್ಲ.”

“ನೀ ಮುಂದಿನವರ ಕೂಡ ಇರು. ಅವರು ಹುಚ್ಚರಾಗಿ ಓಡಿದ್ರ ಸ್ವಲ್ಪ ತಡಿ,” ಎಂದರು ಕಟ್ಟಿ ಸರ್. ಮುಂದಿನ ಗುಂಪಿನ ವೇಗ ನನ್ನ ಅಂದಾಜು ಮೀರದಂತೆ ನೋಡಿಕೊಳ್ಳುವುದು ನನ್ನ ಆ ದಿನದ ಕೆಲಸ. ಬಸು ದಾವಲನ ಜೊತೆ ಹಿಂದೆ. ಓಮ್ನಿಯಲ್ಲಿ ಸರ್ ಅವರ ಹಿಂದೆ.

ಕದ್ರಾ ದಾಟಿ ಘಟ್ಟ ಶುರುವಾದಾಗ ಇಬ್ಬನಿ ಇನ್ನೂ ಬಿಟ್ಟಿರಲಿಲ್ಲ. ಮುಂದೆ ನಾವು ಹದಿನಾಲ್ಕು ಮಂದಿ. ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತ ನಿಧಾನ ಹತ್ತುತ್ತಿದ್ದರು. ಆ ವೇಗಕ್ಕೆ ಎರಡು ಗಂಟೆ ಐವತ್ತು ನಿಮಿಷ ಎಂದರೆ ಐವತ್ತೇ ಆಗುತ್ತಿತ್ತು. ನನಗೆ ಉಸಿರು ಹತ್ತಿರಲಿಲ್ಲ. ಕಾಲು ಇದೆಯೋ ಇಲ್ಲವೋ ಅನ್ನಿಸುವಷ್ಟು ಹಗುರ. ಹತ್ತುವವನಿಗೆ ಅಂಥ ದಿನ ಬದುಕಿನಲ್ಲಿ ಒಂದೋ ಎರಡೋ ಬರುತ್ತವೆ. ನಾನು ಎದ್ದು ನಿಂತು ತುಳಿದೆ. ಹಿಂತಿರುಗಿ ನೋಡಿದಾಗ ಯಾರೂ ಇರಲಿಲ್ಲ.

ಮೂರನೆಯ ತಿರುವಿನಲ್ಲಿ ರಸ್ತೆ ಕೆಲಸದವರು ಬಿಟ್ಟುಹೋದ ಕೆಂಪು ಬಕೆಟ್ ಒಂದು ಕಲ್ಲಿನ ಮೇಲೆ ಕೂತಿತ್ತು. ಆ ಬಕೆಟ್ ನೋಡುತ್ತಿದ್ದಾಗಲೇ ನನಗೆ ಪ್ಲಾಸ್ಟರ್ ನೆನಪಾಯಿತು. ನಾನು ಹೀಗೇ ಹೋದರೆ ಗಡುವೂ ಮುಂಚೆಯೇ ಮುಗಿಯುತ್ತದೆ. ನಾನು ನಾಲ್ಕು ನಿಮಿಷ ಉಳಿಸಿದರೆ ದಾವಲನಿಂದ ನಾಲ್ಕೂವರೆ ನಿಮಿಷ ಹೋಗುತ್ತದೆ. ಲೆಕ್ಕ ನಾನು ಬೇಡವೆಂದರೂ ತಾನಾಗಿ ಆಯಿತು. ದಾವಲ ಹೇಗೂ ಸ್ವಲ್ಪ ಬೇಗ ಬರುತ್ತಾನೆ, ಬಸು ಜೊತೆಗಿದ್ದಾನೆ, ಸರ್ ಇದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ತಿರುವಿಗೆ ಬಕೆಟ್ ಮರೆಯಾಯಿತು. ನಾನು ತುಳಿಯುತ್ತಲೇ ಇದ್ದೆ.

ಜೋಯಿಡಾದಲ್ಲಿ ನಾನು ಎರಡು ಗಂಟೆ ನಲವತ್ತಾರು ನಿಮಿಷಕ್ಕೆ ಮುಟ್ಟಿದೆ, ಒಬ್ಬನೇ. ಕೊರಳಿಗೆ ಸೇವಂತಿಗೆ ಹಾರ ಬಿತ್ತು. ನಾಲ್ಕು ನಿಮಿಷದ ಮೇಲೆ ಮುಂದಿನ ಗುಂಪು ಬಂತು. ಎರಡು ಗಂಟೆ ಐವತ್ತು ನಿಮಿಷಕ್ಕೆ ಸರಿಯಾಗಿ, ನಾನು ಅಂದಾಜು ಮಾಡಿದಂತೆಯೇ. ಮೈಕಿನಲ್ಲಿ ಆ ದಿನದ ಗಡುವು ಹೇಳಿದರು. ಮೂರು ಗಂಟೆ ಹತ್ತು ನಿಮಿಷ, ಐವತ್ನಾಲ್ಕು ಸೆಕೆಂಡು.

ಘಟ್ಟದ ಹಾದಿಯಲ್ಲಿ ಫೋನ್ ಹತ್ತುತ್ತಿರಲಿಲ್ಲ, ಹಿಂದಿನವರಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಆಮೇಲಿನದು ಕಾಯುವ ಕೆಲಸ. ಹಾರ ತೆಗೆದು ಹ್ಯಾಂಡಲ್‌ಗೆ ಹಾಕಿ ರಸ್ತೆಯ ತುದಿಗೆ ಬಂದು ನಿಂತೆ. ಮೂರು ಗಂಟೆ ಎಂಟು ನಿಮಿಷಕ್ಕೆ ವಿಜಯಪುರದ ಹುಡುಗ ಒಬ್ಬನೇ ಬಂದ. ಅವನಿಗೆ ನನ್ನ ಪಟ್ಟಿಯ ಮೇಲೆ ನಂಬಿಕೆ ಇರಲಿಲ್ಲವಂತೆ, ದಿಂಡಿ ಬಿಟ್ಟು ಮುಂದೆ ಬಂದಿದ್ದ. ಹತ್ತಾಯಿತು. ಹನ್ನೊಂದಾಯಿತು. ಗಡುವು ಮುಗಿಯಿತೆಂದು ಒಬ್ಬ ಸ್ವಯಂಸೇವಕ ಬಂದು ಕೆಂಪು ಬಾವುಟ ನೆಟ್ಟ.

ಹದಿಮೂರು ದಾಟಿದ ಮೇಲೆ ದಿಂಡಿ ತಿರುವಿನಲ್ಲಿ ಕಾಣಿಸಿತು. ಹನ್ನೊಂದು ಮಂದಿ. ನಿಧಾನವಾಗಿ, ಹರಟೆ ಹೊಡೆಯುತ್ತ, ಒಬ್ಬ ಬಾಳೆಹಣ್ಣು ಸುಲಿಯುತ್ತ ಬರುತ್ತಿದ್ದರು. ಮುಂದೆ ಬಸು, ಅವನ ಬೆನ್ನಿಗೆ ದಾವಲ. ಬೇಗ ಬರಲಾಗದೆ ತಡವಾದವರಲ್ಲ ಅವರು. ಬರಬಹುದಿತ್ತು. ನನ್ನ ಮಾತು ನಂಬಿ ಕಾಲು ಉಳಿಸಿಕೊಂಡಿದ್ದರು. ದಾವಲ ಗೆರೆ ದಾಟಿ ನನ್ನನ್ನು ಕಂಡು ನಕ್ಕ. ಮೂರು ಗಂಟೆ ಹದಿನಾಲ್ಕು ನಿಮಿಷ.

ಬಾವುಟ ನೋಡಿದ ಮೇಲೆ ನಗು ನಿಂತಿತು. ಸೈಕಲ್ ಇಳಿಯದೆ ಹ್ಯಾಂಡಲ್ ಮೇಲಿನ ಪ್ಲಾಸ್ಟರ್ ನೋಡಿದ, ಗಡಿಯಾರ ನೋಡಿದ, ಮತ್ತೆ ನನ್ನನ್ನು ನೋಡಿದ.

“ನೀ ಬರದದ್ದರೊಳಗ ಬಂದೇನಲ್ಲೋ ಮಲ್ಲ್ಯಾ,” ಎಂದ.

ನನ್ನ ಹ್ಯಾಂಡಲ್ ಮೇಲೆ ಹಾರ ಇತ್ತು. ಅದನ್ನು ನೋಡಿದ ಮೇಲೆ ಅವನಿಗೆ ತಿಳಿಯಿತು.

ಕಟ್ಟಿ ಸರ್ ನಿರ್ಣಾಯಕರ ಟೇಬಲ್ಲಿನ ಮುಂದೆ ಅರ್ಧ ತಾಸು ನಿಂತು ಬೇಡಿಕೊಂಡರು. ಎಂದೂ ಯಾರ ಮುಂದೂ ತಲೆ ಬಾಗಿಸದ ಮನುಷ್ಯ. ನಿಯಮ ನಿಯಮವೇ ಎಂದರು ನಿರ್ಣಾಯಕರು, ಅವರದೇನೂ ತಪ್ಪಿರಲಿಲ್ಲ. ಸರ್ ವಾಪಸು ಬಂದು ನನ್ನ ಪಕ್ಕ ಕೂತರು. “ಮರ್ತೇನು?” ಎಂದು ಮೆಲ್ಲಗೆ ಕೇಳಿದರು. “ಹೂಂ ಸರ್, ಮರ್ತೆ,” ಎಂದೆ. ಬಸು ಕೇಳಿದಾಗಲೂ ಅದನ್ನೇ ಹೇಳಿದೆ. ದಾವಲನಿಗೂ ಅದನ್ನೇ ಹೇಳಿದೆ. ಅವನು ನನ್ನ ಬೆನ್ನು ತಟ್ಟಿ, “ಇರಲಿ ಬಿಡು. ಗೆದ್ದೀಯಲ್ಲ,” ಎಂದ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುದಿನ ಹುಬ್ಬಳ್ಳಿಯ ಮುಕ್ತಾಯವನ್ನು ವಿಜಯಪುರದ ಹುಡುಗ ಆಟವಾಡುತ್ತ ಗೆದ್ದ. ಅವನ ಎದುರಿಗೆ ಓಡಬಲ್ಲವರೆಲ್ಲ ಮನೆಗೆ ಹೋಗಿದ್ದರು. ನಾನು ಗುಂಪಿನ ಹಿಂದೆ ಎಲ್ಲೋ ಬಂದೆ. ಬೇಲಿಯ ಆಚೆ ದಾವಲನ ಓಣಿಯ ಮಂದಿ ನಿಂತಿದ್ದರು. ಅವರ ಮುಂದೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಅವನ ಅಪ್ಪ. ದಾವಲ ಮನೆಗೆ ಫೋನ್ ಮಾಡಿ ಹೇಳಿರಲಿಲ್ಲ. ಕಾಕಾ ಬಂದ ಬಂದ ಸೈಕಲ್ಲನ್ನೆಲ್ಲ ನೋಡುತ್ತ, ನನ್ನ ಗುರುತು ಹಿಡಿದು ಕರೆದರು.

“ಮಲ್ಲಪ್ಪಾ, ದಾವಲ ಹಿಂದ ಅದಾನೇನಪಾ?”

“ಹಿಂದ ಅದಾನ ಕಾಕಾ,” ಎಂದೆ.

ಸುಳ್ಳೇನಲ್ಲ. ಅವನು ಹಿಂದೆ ಓಮ್ನಿಯಲ್ಲಿ ಬರುತ್ತಿದ್ದ. ಕಾಕಾ ಬೇಲಿ ಹಿಡಿದು, ಕೆಮ್ಮು ತಡೆದುಕೊಂಡು, ಖಾಲಿಯಾದ ರಸ್ತೆಯನ್ನೇ ನೋಡುತ್ತ ನಿಂತರು. ನಾನು ಅವರ ಪಕ್ಕ ನಿಲ್ಲಲಾರದೆ ನೀರು ಕುಡಿಯುವ ನೆಪ ಮಾಡಿ ಸರಿದುಹೋದೆ.

ಆ ವರ್ಷ ನಮ್ಮ ಕಡೆಯಲ್ಲಿ ಒಂದು ದಿನದ ಗೆಲುವಿನ ಪ್ರಮಾಣಪತ್ರ ಇದ್ದು ನೌಕರಿ ಇಲ್ಲದವನು ನಾನೊಬ್ಬನೇ. ಅರ್ಜಿ ಹಾಕುವುದಿಲ್ಲ ಎಂದು ಹತ್ತು ದಿನ ಹಟ ಹಿಡಿದೆ. ದಾವಲನೇ ನವಲೂರಿಗೆ ಬಂದು, “ಹಾಕೋ, ಸುಮ್ನ ಯಾರಿಗೂ ಇಲ್ಲದಂಗ ಹೊಕ್ಕೈತಿ,” ಎಂದ. ಹಾಕಿದೆ. ಹತ್ತು ದಿನಕ್ಕೇ ಕರಗುವ ಹಟ ಎಂಥ ಹಟ? ಈಗ ನಾನು ಕೂಡುವ ಕುರ್ಚಿ ಅದೇ.

ಕಾಕಾ ಮತ್ತೆರಡು ಚಳಿಗಾಲ ಹತ್ತಿ ಹಿಂಜಿದರು. ಮೂರನೆಯದನ್ನು ನೋಡಲಿಲ್ಲ. ದಾವಲ ಸೈಕಲ್ ಮಾರಿ, ಹಿಂಜುವ ಮಷೀನ್ ಒಂದನ್ನು ಕೊಂಡು ಅದೇ ಜಾಗದಲ್ಲಿ ಕೂತ. ನನ್ನ ಮದುವೆಗೆ ತನ್ನ ಕೈಯಾರೆ ಹೊಲಿದ ಜೋಡಿ ಗಾದಿ ಉಡುಗೊರೆ ತಂದ. ಅದರ ಮೇಲೆ ನನಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ. ನನ್ನ ಬಗ್ಗೆ ನನಗೆ ಹೇಸಿಕೆ ಹುಟ್ಟಿಸುವ ಸಂಗತಿಗಳಲ್ಲಿ ಅದೂ ಒಂದು.

ಹೋದ ತಿಂಗಳು ಆ ಲಾರಿಯ ಹಿಂದಿನಿಂದ ಮನೆಗೆ ಬಂದವನು ಗಾದಿ ಒತ್ತಿ ನೋಡಿದೆ. ಚಪ್ಪಟೆಯಾಗಿತ್ತು. ಹಿಂಜಿಸಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿ, ಮರುದಿನ ಆಟೋದಲ್ಲಿ ಹಾಕಿಕೊಂಡು ಹಳೇ ಹುಬ್ಬಳ್ಳಿಗೆ ಹೋದೆ. ಗಾದಿ ನೆಪ. ಏಳು ವರ್ಷದ ಸುಳ್ಳನ್ನು ಇಳಿಸಿ ಬರಬೇಕಿತ್ತು.

ದಾವಲ ಮೂಗಿಗೆ ಪಂಚೆ ಕಟ್ಟಿಕೊಂಡಿದ್ದ. ಅವರಪ್ಪ ಕಟ್ಟಿಕೊಳ್ಳುತ್ತಿದ್ದ ಹಾಗೆಯೇ. ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ಎಳೆಯುತ್ತ ಕೂತ. ಅವನ ಹೆಂಡತಿ ಶಮೀಮ್ ಚಹಾ ಕೊಟ್ಟು ಒಳಗೆ ಹೋದಳು.

“ದಾವಲ್ಯಾ, ಅವತ್ತ ಘಟ್ಟದಾಗ ಗಡುವು ಮರ್ತಿದ್ದೆ ಅಂತ ಹೇಳಿದ್ನೆಲ್ಲಾ, ಅದು ಸುಳ್ಳು.”

“ಗೊತ್ತೈತಿ,” ಎಂದ, ಕೈ ನಿಲ್ಲಿಸದೆ.

“ಹೆಂಗ ಗೊತ್ತು?”

“ನೀ ಲೆಕ್ಕಾ ಮರಿಯಾಂವಲ್ಲ.” ಸ್ವಲ್ಪ ಹೊತ್ತು ಹತ್ತಿ ಬಿಡಿಸಿದ. ಆಮೇಲೆ ಕೇಳಿದ. “ಎಲ್ಲಿ ನೆನಪಾತು?”

ಅದಕ್ಕೂ ಸುಳ್ಳು ಹೇಳಬಹುದಿತ್ತು. “ಮೂರನೇ ತಿರುವಿನ್ಯಾಗ,” ಎಂದೆ.

ಅವನ ಕೈ ನಿಂತಿತು.

“ಮೂರನೇ ತಿರುವು ಅಂದ್ರ ಇನ್ನ ಮೂವತ್ತ ಕಿಲೋಮೀಟರ್ ಇತ್ತಲ್ಲೋ,” ಎಂದ. ಪಂಚೆಯ ಮೇಲೆ ಕಣ್ಣಷ್ಟೇ ಕಾಣುತ್ತಿದ್ದವು. “ನಾ ಕಡೀ ಒಂದೆರಡು ಕಿಲೋಮೀಟರ್‌ನ್ಯಾಗ ನೆನಪಾಗಿರಬೇಕು ಅಂತ ತಿಳಕೊಂಡಿದ್ದೆ. ಗೆರಿ ಕಣ್ಣಿಗೆ ಬಿದ್ದ ಮ್ಯಾಲ ಯಾರಿಗೂ ನಿಲ್ಲಾಕ ಆಗೂದಿಲ್ಲ, ನನಗೂ ಆಗ್ತಿರಲಿಲ್ಲ. ಅಪ್ಪಗೂ ಹಂಗ ಹೇಳಿದ್ದೆ.”

ನಾನು ಭಾರ ಇಳಿಸಲು ಬಂದವನು. ಅವನು ಏಳು ವರ್ಷ ನನಗಾಗಿ ಕಾಪಾಡಿಕೊಂಡು ಬಂದ ಒಂದು ನೆಪವನ್ನು ಕಿತ್ತುಕೊಂಡಿದ್ದೆ. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ. ಅವನು ಎದ್ದು ಹೋಗಿ ಮಷೀನ್ ಪಕ್ಕದ ಡಬ್ಬಿಯಿಂದ ಬಿಳಿ ಪಟ್ಟಿಯ ಸುರುಳಿಯೊಂದನ್ನು ತಂದ. ಒಬ್ಬರ ಮನೆಯ ಹತ್ತಿ ಇನ್ನೊಬ್ಬರದರಲ್ಲಿ ಸೇರಬಾರದೆಂದು ಪ್ರತಿ ಗಂಟಿಗೂ ಹೆಸರು, ಒಯ್ಯುವ ಹೊತ್ತು ಬರೆದು ಅಂಟಿಸುವುದು ಅವರಪ್ಪನ ಕಾಲದಿಂದ ಬಂದ ರೂಢಿ. ಒಂದು ತುಂಡು ಹರಿದು, ಪೆನ್ನಿನ ಜೊತೆ ನನ್ನ ಕೈಗೆ ಕೊಟ್ಟ.

“ಯಾವಾಗ ಬರ್ತೀ, ಬರಿ. ಅದರೊಳಗ ಮುಗಿಸಿಟ್ಟಿರ್ತೇನಿ.”

ಎಲ್ಲ ಗಿರಾಕಿಗಳಿಗೂ ಹೇಳುವ ಮಾತು. ಧ್ವನಿಯಲ್ಲಿ ಕುಟುಕು ಇರಲಿಲ್ಲ. ಹೆಸರು ಬರೆದೆ, ಶುಕ್ರವಾರ ಸಂಜೆ ಐದು ಎಂದು ಬರೆದೆ.

ಶುಕ್ರವಾರ ಐದಕ್ಕೆ ಹೋದಾಗ ಅಂಗಡಿಯಲ್ಲಿ ದಾವಲ ಇರಲಿಲ್ಲ. ಜಗಲಿಯ ಮೇಲೆ ನನ್ನ ಗಾದಿ ಉಬ್ಬಿ ಹೊಸದಾಗಿ ಕೂತಿತ್ತು, ಪಟ್ಟಿ ಅದಕ್ಕಿನ್ನೂ ಅಂಟಿಕೊಂಡಿತ್ತು. ಶಮೀಮ್ ಹೊರಗೆ ಬಂದು, “ಗದಗಿಗೆ ಹೋಗ್ಯಾರ್ರೀ ಅಣ್ಣಾರ. ನೀವು ಬರದ ಟೈಮಿನೊಳಗ ಆಗಬೇಕು ಅಂತ ಮಧ್ಯಾಹ್ನನ ಮುಗಿಸಿ ಹ್ವಾದ್ರು,” ಎಂದಳು.

ಗಾದಿಯನ್ನು ಆಟೋಕ್ಕೆ ಏರಿಸಲು ಅವಳೇ ಒಂದು ಕಡೆ ಹಿಡಿದಳು. ಮನೆಗೆ ತಂದು ಮಂಚದ ಮೇಲೆ ಹಾಸಿದೆ. ಪಟ್ಟಿ ಇನ್ನೂ ಕಿತ್ತಿಲ್ಲ.